ಹಳೆಯ ಗಣಕಯಂತ್ರವೂ ಅದರೊಳಗಿನ ನಮ್ಮ ಕನ್ನಡವೂ

ನಮ್ಮ ಗುಡ್ಡಾಪುರದ ಸುತ್ತಮುತ್ತಲಿನ ಅನೇಕ ಮನೆಗಳಲ್ಲಿ ಈಗ ಒಂದು ಹಳೆಯ ಗಣಕಯಂತ್ರವನ್ನು ಕಾಣಬಹುದು. ಪುಣೆ, ಮುಂಬಯಿ, ಸೊಲ್ಲಾಪುರಗಳಲ್ಲಿ ನೌಕರಿಯಲ್ಲಿರುವ ಮಗನೋ ಅಳಿಯನೋ ಹೊಸ ಯಂತ್ರವನ್ನು ಕೊಂಡಾಗ ಹಳೆಯದನ್ನು ಊರಿಗೆ ತಂದಿಟ್ಟು ಹೋಗುತ್ತಾನೆ. ಮಕ್ಕಳು ಕೆಲಕಾಲ ಅದರ ಮೇಲೆ ಆಟವಾಡುತ್ತಾರೆ. ಬಳಿಕ ಅದು ನಿಧಾನವಾಯಿತು, ತಾರೀಖು ತಪ್ಪಾಗಿ ತೋರಿಸುತ್ತದೆ, ಕನ್ನಡ ಮೂಡುವುದಿಲ್ಲ ಎಂಬ ದೂರುಗಳು ಹುಟ್ಟಿ, ಹಳೆಯ ಸೀರೆಯ ತುಂಡೊಂದನ್ನು ಹೊದ್ದು ಮೂಲೆ ಸೇರುತ್ತದೆ.

ಸುವರ್ಣ ಮಹೋತ್ಸವದ ಈ ಸ್ಮರಣ ಸಂಚಿಕೆಗೆ ಶಾಲೆಯ ಹಿಂದಿನ ದಿನಗಳ ನೆನಪುಗಳನ್ನು ಬರೆಯುವವರು ಅನೇಕರಿರುವರಾದ್ದರಿಂದ, ನಾನು ಒಂದು ಪಾಠವನ್ನೇ ಬರೆದುಕೊಡುವೆನೆಂದು ಸಂಪಾದಕ ಮಂಡಳಿಗೆ ತಿಳಿಸಿದೆ. ಜೀವಮಾನವಿಡೀ ಪಾಠ ಹೇಳಿದವನಿಗೆ ಅದೇ ಸುಲಭ. ನಾನು ಕನ್ನಡ ಮಾಧ್ಯಮದಲ್ಲಿ ಮ್ಯಾಟ್ರಿಕ್ ಮುಗಿಸಿದವನು. ಗಣಕ ವಿಜ್ಞಾನವನ್ನು ಯಾವ ಕಾಲೇಜಿನಲ್ಲಿಯೂ ಓದಿದವನಲ್ಲ. ನಿವೃತ್ತಿಯ ಅನಂತರ ಹದಿನೈದು ವರ್ಷ ಒಂದೇ ಯಂತ್ರದ ಮುಂದೆ ಕುಳಿತು ಕಲಿತದ್ದನ್ನು ಇಲ್ಲಿ ಹೇಳುತ್ತಿದ್ದೇನೆ. ಹಳೆಯ ಯಂತ್ರಕ್ಕೆ ಕೈಹಚ್ಚುವವರು ಮೊದಲು ಅದರೊಳಗೆ ಕನ್ನಡದಲ್ಲಿ ಬರೆದಿಟ್ಟದ್ದು ಏನಿದೆಯೆಂಬುದನ್ನು ನೋಡಬೇಕು. ವೇಗದ ಚಿಂತೆ ಅನಂತರದ್ದು ಎಂಬುದು ನನ್ನ ಅಭಿಪ್ರಾಯ. ಅದಕ್ಕೆ ಕಾರಣವನ್ನು ಹೇಳುತ್ತೇನೆ.

2011ರಿಂದ ನಾಲ್ಕು ವರ್ಷ ನಾನು ನಮ್ಮೂರಿನ ಹಾಗೂ ನೆರೆಹಳ್ಳಿಗಳ ವೃದ್ಧ ಹೆಣ್ಣುಮಕ್ಕಳ ಬಾಯಿಂದ ಬೀಸುವ ಪದ, ಸೋಬಾನೆ ಪದ, ದಾನಮ್ಮದೇವಿಯ ಮೇಲಿನ ಪದಗಳನ್ನು ಕೇಳಿ ವಹಿಯಲ್ಲಿ ಬರೆದುಕೊಂಡು, ಮನೆಯ ಗಣಕಯಂತ್ರದಲ್ಲಿ ನುಡಿ ತಂತ್ರಾಂಶದ ಮೂಲಕ ಬೆರಳಚ್ಚು ಮಾಡಿದೆ. ಅದು ಸುಮಾರು 180 ಪುಟಗಳಾಯಿತು. ಹಾಡಿದವರಲ್ಲಿ ಬಹುಮಂದಿ ಈಗ ಇಲ್ಲ. ವಹಿಗಳಲ್ಲಿ ಎರಡು ಗೆದ್ದಲಿನ ಪಾಲಾದವು. ಹೀಗಾಗಿ ಆ ಪದಗಳಿಗೆ ಉಳಿದ ಆಶ್ರಯ ಈ ಯಂತ್ರವೊಂದೇ. ಕೆಲವು ವರ್ಷಗಳ ಹಿಂದೆ ಯಂತ್ರ ತೀರ ಮಂದವಾದಾಗ ಪಟ್ಟಣದ ಒಂದು ಅಂಗಡಿಗೆ ಒಯ್ದೆವು. ಅಲ್ಲಿಯ ತರುಣನು, "ಗುರೂಜಿ, ಫಾರ್ಮ್ಯಾಟ್ ಮಾಡಿ ಕೊಡ್ತೀನ್ರಿ, ಹೊಸದರ ಹಂಗ ಓಡತೈತಿ" ಎಂದನು. ಫಾರ್ಮ್ಯಾಟ್ ಎಂದರೆ ಪಾಟಿಯನ್ನು ಒದ್ದೆ ಅರಿವೆಯಿಂದ ಒರೆಸಿದಂತೆ. ಒಳಗಿರುವುದನ್ನು ಮೊದಲು ಬೇರೆಡೆಗೆ ತೆಗೆದಿಡಬೇಕಲ್ಲವೆ ಎಂದು ಕೇಳಿದರೆ, ಕನ್ನಡದ ಕಡತಗಳು ತೆರೆದರೂ ಓದಲು ಬರುವುದಿಲ್ಲ, ಅವೆಲ್ಲ ಕೆಟ್ಟುಹೋಗಿವೆ ಎಂಬ ಉತ್ತರ ಬಂದಿತು. ಯಂತ್ರವನ್ನು ಹಾಗೆಯೇ ಹಿಂದಕ್ಕೆ ತಂದೆವು. ಕಡತಗಳು ಕೆಟ್ಟಿರಲಿಲ್ಲ. ಅಂಗಡಿಯ ಯಂತ್ರದಲ್ಲಿ ಅವುಗಳನ್ನು ಓದುವ ಕನ್ನಡಕ ಇರಲಿಲ್ಲ, ಅಷ್ಟೆ.

ಅಕ್ಷರಗಳು ಚಿತ್ತಾರವಾಗುವುದೇಕೆ?

ಇದು ಈ ಪಾಠದ ಮುಖ್ಯ ಭಾಗ. ಇದನ್ನು ತುಸು ನಿಧಾನವಾಗಿ ನೋಡೋಣ. ಗಣಕಯಂತ್ರಕ್ಕೆ ಅಕ್ಷರ ಗೊತ್ತಿಲ್ಲ, ಸಂಖ್ಯೆ ಮಾತ್ರ ಗೊತ್ತು. ಹಿಂದಿನ ಪದ್ಧತಿಯಲ್ಲಿ ಅಕ್ಷರಗಳಿಗಾಗಿ 256 ಮನೆಗಳಿದ್ದವು. ಇಂಗ್ಲಿಷಿಗೆ ಅದು ಧಾರಾಳವಾಯಿತು. ನಮ್ಮ ವರ್ಣಮಾಲೆಯಲ್ಲಿ 13 ಸ್ವರ, 2 ಯೋಗವಾಹ, 34 ವ್ಯಂಜನ, ಒಟ್ಟು 49 ವರ್ಣಗಳು ಎಂದು ನೀವೆಲ್ಲ ಬಾಯಿಪಾಠ ಮಾಡಿದವರೇ. ಆದರೆ 34 ವ್ಯಂಜನಗಳಿಗೆ 13 ಸ್ವರಗಳನ್ನು ಕೂಡಿಸಿದ ಗುಣಿತಾಕ್ಷರಗಳೇ 442 ಆಗುತ್ತವೆ. ಒತ್ತಕ್ಷರಗಳ ಲೆಕ್ಕ ಬೇರೆ. 256 ಮನೆಗಳಲ್ಲಿ ಇವು ಹಿಡಿಯುವುದಾದರೂ ಹೇಗೆ? ಆದುದರಿಂದ ಆ ಕಾಲದ ಜಾಣರು ಅಕ್ಷರವನ್ನು ತುಂಡುತುಂಡಾಗಿಸಿದರು. 'ಕ'ದ ಒಡಲು ಒಂದು ತುಂಡು, ತಲೆಕಟ್ಟು ಇನ್ನೊಂದು ತುಂಡು, ನಕಾರದ ಒತ್ತು ಮತ್ತೊಂದು ತುಂಡು. ಒಂದೊಂದು ತುಂಡನ್ನು ಇಂಗ್ಲಿಷ್ ಮತ್ತು ಯುರೋಪಿನ ಚಿಹ್ನೆಗಳ ಮನೆಗಳಲ್ಲಿ ಒಕ್ಕಲಿರಿಸಿದರು. ನುಡಿಯ ಹಳೆಯ ಪದ್ಧತಿಯಲ್ಲಿ 'ಕನ್ನಡ' ಎಂಬ ಮೂರಕ್ಷರದ ಶಬ್ದವನ್ನು ಯಂತ್ರವು ಏಳು ಚಿಹ್ನೆಗಳಾಗಿ ನೆನಪಿಡುತ್ತದೆ. ಮೊದಲನೆಯದು ಇಂಗ್ಲಿಷಿನ ದೊಡ್ಡ 'ಪಿ', ಎರಡನೆಯದು ತಲೆಯ ಮೇಲೆ ಗೆರೆಯುಳ್ಳ 'ಎ', ಮೂರನೆಯದು ಬ್ರಿಟಿಷ್ ಪೌಂಡಿನ ಗುರುತು! ನುಡಿಯ ಅಕ್ಷರಶೈಲಿ, ಅಂದರೆ ಫಾಂಟು, ಯಂತ್ರದಲ್ಲಿದ್ದರೆ ಈ ಚಿಹ್ನೆಗಳ ಮೇಲೆ ಕನ್ನಡದ ವೇಷ ಬೀಳುತ್ತದೆ. ಫಾಂಟು ಇಲ್ಲದಿದ್ದರೆ ವೇಷ ಕಳಚಿ ಪೌಂಡು, ಗೆರೆ, ಕೊಕ್ಕೆಗಳ ಚಿತ್ತಾರ ಕಾಣಿಸುತ್ತದೆ. ಅಂಗಡಿಯ ತರುಣನು ಕಂಡದ್ದು ಇದನ್ನೇ.

ಯುನಿಕೋಡ್ ಎಂಬ ವಿಶ್ವಮಾನ್ಯ ಪದ್ಧತಿಯು ಜಗತ್ತಿನ ಲಿಪಿಗಳಿಗೆ ಪ್ರತ್ಯೇಕ ಓಣಿಗಳನ್ನು ಕೊಟ್ಟಿದೆ. 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ 128 ಮನೆಗಳ ಓಣಿಯಿದೆ. ಅಲ್ಲಿ 'ಕ'ದ ಸಂಖ್ಯೆ 3221. ಆ ಸಂಖ್ಯೆ ಗುಡ್ಡಾಪುರದಲ್ಲಿಯೂ ಅಮೆರಿಕೆಯಲ್ಲಿಯೂ 'ಕ'ವೇ ಹೊರತು ಬೇರೆಯಲ್ಲ. ಒತ್ತು, ತಲೆಕಟ್ಟುಗಳ ಆಕಾರವನ್ನು ಜೋಡಿಸುವುದು ಯಂತ್ರದ ಕೆಲಸ. 'ಕನ್ನಡ' ಎಂಬುದು ಇಲ್ಲಿ ಕ, ನ, ಹಲಂತ, ನ, ಡ ಎಂಬ ಐದು ಸಂಖ್ಯೆಗಳು. ನಾವು ಒಂದನೆಯ ಇಯತ್ತೆಯಲ್ಲಿ ಕಾಗುಣಿತ ಬಿಡಿಸಿದಂತೆಯೇ ಇದೆ.

ಹಾಗೆಂದು ಹಳೆಯ ಪದ್ಧತಿಯವರನ್ನು ಹಳಿಯುವುದು ಸಲ್ಲದು. ಗಣಕದಲ್ಲಿ ಕನ್ನಡಕ್ಕೆ ದಾರಿ ತೆಗೆದವರಲ್ಲಿ ಕೆ.ಪಿ. ರಾವ್ ಅವರು ಅಗ್ರಗಣ್ಯರು. ಅವರ ಕೀಲಿಮಣೆಯ ವಿನ್ಯಾಸವೇ ನುಡಿಗೆ ಆಧಾರ. ಶೇಷಾದ್ರಿವಾಸು ಚಂದ್ರಶೇಖರನ್ ಅವರು 1998ರಲ್ಲಿ ಹೊರತಂದ 'ಬರಹ'ವೂ, ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ 'ನುಡಿ'ಯೂ ಇಲ್ಲದಿದ್ದರೆ ನನ್ನಂಥವರು ಕನ್ನಡವನ್ನು ಪರದೆಯ ಮೇಲೆ ಕಾಣುತ್ತಲೇ ಇರಲಿಲ್ಲ. ಶೇಷಾದ್ರಿವಾಸು ಅವರು 2022ರಲ್ಲಿ ತೀರಿಕೊಂಡ ಸುದ್ದಿಯನ್ನು ಓದಿದಾಗ, ಮುಖವನ್ನೇ ಕಾಣದ ಒಬ್ಬ ಉಪಕಾರಿ ಹೋದಂತಾಯಿತು.

ಹಳೆಯ ಬರಹವನ್ನು ಉಳಿಸುವ ಕ್ರಮ

ಕಡತವನ್ನು ತೆರೆದು ಫಾಂಟಿನ ಹೆಸರನ್ನು ನೋಡಿರಿ. ನುಡಿ 01 ಇ ಎಂದೋ, ಬಿಆರ್‌ಎಚ್ ಕನ್ನಡ ಎಂದೋ, ಶ್ರೀ-ಕನ್ ಎಂದು ಆರಂಭವಾಗಿಯೋ ಇದ್ದರೆ ಅದು ಹಳೆಯ ಪದ್ಧತಿಯದು. ಕೊನೆಯದು ಪುಣೆಯ ಮಾಡ್ಯುಲರ್ ಇನ್ಫೋಟೆಕ್ ಸಂಸ್ಥೆಯ ಶ್ರೀಲಿಪಿ. ಮುದ್ರಣಾಲಯಗಳಿಂದ ಬಂದ ಮದುವೆ ಪತ್ರಿಕೆ, ವಾರ್ಷಿಕ ವರದಿಗಳಲ್ಲಿ ಹೆಚ್ಚಾಗಿ ಸಿಗುತ್ತದೆ. ತುಂಗಾ, ನಿರ್ಮಲಾ ಎಂದಿದ್ದು ಕನ್ನಡ ಸರಿಯಾಗಿ ಕಾಣುತ್ತಿದ್ದರೆ ಅದು ಯುನಿಕೋಡ್, ಚಿಂತೆಯಿಲ್ಲ. ಹಳೆಯ ಕಡತದ ಎಲ್ಲ ಭಾಗವನ್ನೂ ಒಮ್ಮೆಲೆ ಆಯ್ದು ಫಾಂಟನ್ನು ತುಂಗಾಕ್ಕೆ ಬದಲಿಸಿದರೆ ಕನ್ನಡವಾಗುವುದೆಂದು ಕೆಲವರು ತಿಳಿಯುತ್ತಾರೆ. ವೇಷ ಬದಲಿಸಿದ ಮಾತ್ರಕ್ಕೆ ಸಂಖ್ಯೆ ಬದಲಾಗದು. ಅಷ್ಟೇ ಅಲ್ಲ, ಎಲ್ಲಿ ಕನ್ನಡವಿತ್ತು, ಎಲ್ಲಿ ಇಂಗ್ಲಿಷ್ ಇತ್ತು ಎಂಬ ಗುರುತೂ ಅಳಿಸಿಹೋಗುತ್ತದೆ.

ಪ್ರಥಮತಃ ಮೂಲ ಕಡತಗಳನ್ನು ಇದ್ದಕ್ಕಿದ್ದಂತೆ ಎರಡು ಕಡೆ ನಕಲು ಮಾಡಿರಿ. ಒಂದು ಪೆನ್ ಡ್ರೈವ್ ಮನೆಯಲ್ಲಿರಲಿ. ಇನ್ನೊಂದು ಪ್ರತಿ ಮನೆಯ ಹೊರಗೆ, ಬೇರೆ ಊರಿನ ಮಕ್ಕಳಲ್ಲಿಯೋ ಅಂತರ್ಜಾಲದ ಖಾತೆಯಲ್ಲಿಯೋ ಇರಲಿ. ಹಳೆಯ ಫಾಂಟುಗಳನ್ನೂ ಜೊತೆಯಲ್ಲಿಯೇ ತೆಗೆದಿಡುವುದನ್ನು ಮರೆಯಬಾರದು. ಆಮೇಲೆ ಪರಿವರ್ತನೆ. ನುಡಿಯ ಹೊಸ ಆವೃತ್ತಿಗಳಲ್ಲಿ ಹಳೆಯ ಬರಹವನ್ನು ಯುನಿಕೋಡಿಗೆ ತಿರುಗಿಸುವ ಪರಿವರ್ತಕವಿದೆ. ಬರಹದಲ್ಲಿ ಬರೆದ ಕಡತವನ್ನು ಬರಹದಲ್ಲಿಯೇ ತೆರೆದು ಯುನಿಕೋಡ್ ಪಠ್ಯವಾಗಿ ಹೊರತೆಗೆಯಬಹುದು.

ಯಂತ್ರವು ತಿರುಗಿಸಿಕೊಟ್ಟದ್ದನ್ನು ಕಣ್ಣುಮುಚ್ಚಿ ನಂಬಲಾಗದು. ನನಗೆ ಹೆಚ್ಚು ಕಾಟ ಕೊಟ್ಟದ್ದು ಅರ್ಕಾವತ್ತು. ಹಳೆಯ ಪದ್ಧತಿಯಲ್ಲಿ 'ಸೂರ್ಯ', 'ಧರ್ಮ' ಮುಂತಾದವುಗಳ ಅರ್ಕಾವತ್ತು ಅಕ್ಷರದ ಹಿಂದುಗಡೆ ಕುಳಿತಿರುತ್ತದೆ. ಯುನಿಕೋಡಿನಲ್ಲಿ ಉಚ್ಚಾರದ ಕ್ರಮದಂತೆ ರೇಫ ಮೊದಲು ಬರಬೇಕು. ಪರಿವರ್ತಕವು ಅದನ್ನು ದಾಟಿಸುವಾಗ ಕೆಲವೊಮ್ಮೆ ಎಡವುತ್ತದೆ. ನಡುನಡುವೆ ಇಂಗ್ಲಿಷಿನಲ್ಲಿ ಬರೆದ ಹೆಸರುಗಳೂ ಕನ್ನಡದ ತುಂಡುಗಳೆಂದೇ ಎಣಿಸಲ್ಪಟ್ಟು ಅರ್ಥವಿಲ್ಲದ ಅಕ್ಷರಗಳಾಗುತ್ತವೆ. ಆದುದರಿಂದ ಒಬ್ಬರು ಮೂಲವನ್ನು ಓದುತ್ತ, ಇನ್ನೊಬ್ಬರು ಹೊಸದನ್ನು ನೋಡುತ್ತ ಹೋಗುವುದು ಉತ್ತಮ. ನಮ್ಮ ಮನೆಯಲ್ಲಿ ಒಂಬತ್ತನೆಯ ಇಯತ್ತೆಯ ಮೊಮ್ಮಗಳು ಓದುತ್ತಾಳೆ, ನಾನು ತಿದ್ದುತ್ತೇನೆ. ಅವಳ ಓದಿನಲ್ಲಿ ಮೊದಮೊದಲು ಸ-ಶ ಭೇದವಿರಲಿಲ್ಲ. ನಾಲ್ಕು ತಿಂಗಳ ಈ ಕೆಲಸದಲ್ಲಿ ಅದೂ ಸರಿಯಾಯಿತು.

ಬರೆಯುವ ತಂತ್ರಾಂಶದ ಎಣಿಕೆಯೊಂದನ್ನು ಇಲ್ಲಿಯೇ ಹೇಳಬೇಕು. ವರ್ಡ್‌ನಲ್ಲಿ ತಪ್ಪನ್ನು ತಾನಾಗಿಯೇ ತಿದ್ದುವ ಆಟೋಕರೆಕ್ಟ್ ಎಂಬ ಸೌಲಭ್ಯವಿದೆ. ಅದು ವಾಕ್ಯದ ಮೊದಲಿಗೆ ಬರುವ ಇಂಗ್ಲಿಷ್ ಅಕ್ಷರವನ್ನು ದೊಡ್ಡದಾಗಿಸುತ್ತದೆ. ಹಳೆಯ ಪದ್ಧತಿಯ ಕನ್ನಡವೂ ಅದರ ಕಣ್ಣಿಗೆ ಇಂಗ್ಲಿಷೇ ಆದ್ದರಿಂದ, ಅಕ್ಷರ ದೊಡ್ಡದಾದೊಡನೆ ಕನ್ನಡದಲ್ಲಿ ಬೇರೊಂದೇ ಅಕ್ಷರ ಮೂಡುತ್ತದೆ. ಹಳೆಯ ಕಡತಕ್ಕೆ ಏನನ್ನಾದರೂ ಸೇರಿಸುವ ಮುನ್ನ ಇದನ್ನು ನಿಲ್ಲಿಸಿರಿ. ಯುನಿಕೋಡಿಗೆ ಬಂದ ಮೇಲೆಯೂ ಜಾನಪದ ಬರಹಕ್ಕೆ ಕಾಗುಣಿತ ತಿದ್ದುವ ಸೌಲಭ್ಯ ಬೇಡವೆಂದೇ ನನ್ನ ಮತ. ನಮ್ಮ ತಾಯಂದಿರು 'ಹಡದವ್ವ' ಎಂದು ಹಾಡಿದ್ದನ್ನು ಯಂತ್ರವು 'ಹಡೆದವ್ವ' ಎಂದು ತಿದ್ದಿದರೆ ಅದು ವ್ಯಾಕರಣವಾದೀತೇ ಹೊರತು ಅವರ ಹಾಡಾಗಲಾರದು.

ಯುನಿಕೋಡಿನಿಂದ ಆಗುವ ಇನ್ನೊಂದು ಲಾಭವನ್ನು ಶಾಲೆಯ ಕಚೇರಿಯವರು ಬಲ್ಲರು. ಹಳೆಯ ಪದ್ಧತಿಯಲ್ಲಿ ಬರೆದ ಹೆಸರುಗಳ ಪಟ್ಟಿಯನ್ನು ಅಕಾರಾದಿಯಾಗಿ ಜೋಡಿಸಲು ಯಂತ್ರಕ್ಕೆ ಬಾರದು. ಅದು ಇಂಗ್ಲಿಷ್ ಚಿಹ್ನೆಗಳ ಕ್ರಮವನ್ನು ಹಿಡಿದು ಹೋಗುತ್ತದೆ. ಒಂದು ಹೆಸರನ್ನು ಹುಡುಕುವುದೂ ಕಷ್ಟ. ಯುನಿಕೋಡಿನಲ್ಲಿ ಹಳೆಯ ವಿದ್ಯಾರ್ಥಿಗಳ ಸಾವಿರ ಹೆಸರುಗಳಿದ್ದರೂ ಕ್ಷಣದಲ್ಲಿ ಕ್ರಮಕ್ಕೆ ಬರುತ್ತವೆ.

ಗಡಿನಾಡಿಗೆ ಒದಗಿದ ಕೀಲಿಮಣೆ

ವಿಂಡೋಸ್ 7ರಲ್ಲಿ ಕನ್ನಡ ಕೀಲಿಮಣೆ ಒಳಗೇ ಇದೆ. ಅದನ್ನು ಎಬ್ಬಿಸಬೇಕು, ಅಷ್ಟೆ. ಕಂಟ್ರೋಲ್ ಪ್ಯಾನಲ್‌ನಲ್ಲಿ ರೀಜನ್ ಅಂಡ್ ಲ್ಯಾಂಗ್ವೇಜ್ ತೆರೆದು, ಕೀಬೋರ್ಡ್ಸ್ ಅಂಡ್ ಲ್ಯಾಂಗ್ವೇಜಸ್ ಎಂಬಲ್ಲಿ ಚೇಂಜ್ ಕೀಬೋರ್ಡ್ಸ್ ಒತ್ತಿ, ಕನ್ನಡವನ್ನು ಸೇರಿಸಿರಿ. ಬಳಿಕ ಎಡಗಡೆಯ ಆಲ್ಟ್ ಹಾಗೂ ಶಿಫ್ಟ್ ಕೀಲಿಗಳನ್ನು ಕೂಡಿಸಿ ಒತ್ತಿದರೆ ಇಂಗ್ಲಿಷಿನಿಂದ ಕನ್ನಡಕ್ಕೆ ಹೋಗಿಬರಬಹುದು. ಅದಕ್ಕಿಂತ ಹಳೆಯದಾದ ಎಕ್ಸ್‌ಪಿಯಲ್ಲಿ ಸಂಕೀರ್ಣ ಲಿಪಿಗಳ ಕಡತಗಳನ್ನು ಅದರ ಮೂಲ ಸಿ.ಡಿ.ಯಿಂದ ಮೊದಲು ಹಾಕಿಕೊಳ್ಳಬೇಕಾಗುತ್ತದೆ. ಇಲ್ಲವಾದರೆ ಒತ್ತಕ್ಷರಗಳು ಬಿಡಿಬಿಡಿಯಾಗಿ ನಿಲ್ಲುತ್ತವೆ.

ಹೀಗೆ ಬರುವ ಕೀಲಿಮಣೆಯ ಹೆಸರು ಇನ್‌ಸ್ಕ್ರಿಪ್ಟ್. ಭಾರತ ಸರಕಾರದ ಎಲೆಕ್ಟ್ರಾನಿಕ್ಸ್ ಇಲಾಖೆಯು 1986ರಲ್ಲಿ ಭಾರತದ ಲಿಪಿಗಳಿಗೆಲ್ಲ ಒಂದೇ ವಿನ್ಯಾಸವಿರಲೆಂದು ಇದನ್ನು ನಿಗದಿಪಡಿಸಿತು. ಕರ್ನಾಟಕದಲ್ಲಿ ನುಡಿಯ ವಿನ್ಯಾಸವೇ ರೂಢಿ. ಅಲ್ಲಿ 'ಕೆ' ಒತ್ತಿದರೆ ಕ, 'ಎನ್' ಒತ್ತಿದರೆ ನ, 'ಎಫ್' ಒತ್ತಿದರೆ ಒತ್ತಿನ ಕೊಂಡಿ. ಇಂಗ್ಲಿಷ್ ಬಲ್ಲವರಿಗೆ ಅದು ಸುಲಭ. ಆದರೆ ನಮ್ಮ ಜತ್ತ ತಾಲೂಕಿನ ಮಕ್ಕಳಿಗೆ ಇನ್‌ಸ್ಕ್ರಿಪ್ಟೇ ಹಿತವೆಂದು ಬಹಳ ವಿಚಾರ ಮಾಡಿ ಹೇಳುತ್ತಿದ್ದೇನೆ. ಬಾಲಭಾರತಿಯ ಕನ್ನಡ ಪುಸ್ತಕಗಳನ್ನು ಓದುವ ನಮ್ಮ ಮಕ್ಕಳು ಮರಾಠಿಯನ್ನೂ ಕಲಿಯಲೇಬೇಕು. ಕಚೇರಿಯ ಅರ್ಜಿಗಳೆಲ್ಲ ಮರಾಠಿಯಲ್ಲಿವೆ. ಇನ್‌ಸ್ಕ್ರಿಪ್ಟ್‌ನಲ್ಲಿ ಕನ್ನಡದ 'ಕ' ಇರುವ ಕೀಲಿಯಲ್ಲಿಯೇ ಮರಾಠಿಯ ಕಕಾರವಿದೆ, 'ಳ' ಇರುವಲ್ಲಿಯೇ ಅವರ ಳಕಾರವಿದೆ. ಬೆರಳು ಒಮ್ಮೆ ಕಲಿತರೆ ಎರಡು ಲಿಪಿ ಬಂದಂತೆ. ಯುನಿಕೋಡಿನ ಓಣಿಗಳೂ ಇದೇ ಬಗೆಯವು. ದೇವನಾಗರಿಯ ಕಕಾರದ ಸಂಖ್ಯೆ 2325, ನಮ್ಮ 'ಕ' 3221, ವ್ಯತ್ಯಾಸ 896. ಗಕಾರ 2327, ನಮ್ಮ 'ಗ' 3223, ಅಲ್ಲಿಯೂ 896. ಎರಡು ಊರುಗಳಲ್ಲಿ ಮನೆಗಳು ಒಂದೇ ಸಾಲಿನಲ್ಲಿವೆ.

ಒಂದು ಎಚ್ಚರ ಮಾತ್ರ ಬೇಕು. ಮರಾಠಿಗೆ ನಮ್ಮಂತೆ ಎ-ಏ, ಒ-ಓ ಎಂಬ ಹ್ರಸ್ವದೀರ್ಘ ಭೇದವಿಲ್ಲ. ಮರಾಠಿಯಲ್ಲಿ ಪಳಗಿದ ಬೆರಳು ಏತ್ವಕ್ಕಾಗಿ 'ಎಸ್' ಕೀಲಿಗೆ ಹೋಗುತ್ತದೆ. ಕನ್ನಡದಲ್ಲಿ ಅಲ್ಲಿರುವುದು ದೀರ್ಘ. ಹ್ರಸ್ವವು 'ಝಡ್' ಕೀಲಿಯಲ್ಲಿದೆ. ಇದನ್ನು ಹೇಳಿಕೊಡದಿದ್ದರೆ ಮಕ್ಕಳ 'ಕೆರೆ' 'ಕೇರೇ'ಯಾಗುತ್ತದೆ, 'ತೆನೆ' 'ತೇನೇ'ಯಾಗುತ್ತದೆ.

ಯಂತ್ರವನ್ನು ಹಗುರಗೊಳಿಸುವುದು

ಇನ್ನು ವೇಗದ ಮಾತು. ಯಂತ್ರ ಏಳುವಾಗಲೇ ತಾವೂ ಎದ್ದು ಕೂಡುವ ತಂತ್ರಾಂಶಗಳು ಅನೇಕ. ವಿಂಡೋಸ್ 7ರಲ್ಲಿ ಎಂ ಎಸ್ ಕಾನ್ಫಿಗ್ ಎಂಬ ಆಜ್ಞೆಯಿಂದ ಸ್ಟಾರ್ಟಪ್ ಪಟ್ಟಿಯನ್ನು ತೆರೆದು, ಬೇಡವಾದವುಗಳ ಗುರುತನ್ನು ತೆಗೆಯಬಹುದು. ವಿಂಡೋಸ್ 10ರಲ್ಲಿ ಇದೇ ಪಟ್ಟಿ ಟಾಸ್ಕ್ ಮ್ಯಾನೇಜರಿನಲ್ಲಿದೆ. ಮೊಮ್ಮಕ್ಕಳು ಎಂದೋ ಹಾಕಿದ ಆಟಗಳನ್ನು ಕಂಟ್ರೋಲ್ ಪ್ಯಾನಲ್‌ನಿಂದಲೇ ತೆಗೆಯಬೇಕು. ಕಡತಕೋಶವನ್ನು ಅಳಿಸಿದರೆ ಬೇರು ಉಳಿಯುತ್ತದೆ. ವೈರಸ್ ತಡೆಯುವ ತಂತ್ರಾಂಶ ಒಂದೇ ಇರಲಿ; ಎರಡಿದ್ದರೆ ಪರಸ್ಪರ ಕಾಯುತ್ತ ಕೂಡುತ್ತವೆ. ಡಿಸ್ಕ್ ಕ್ಲೀನಪ್ ತಿಂಗಳಿಗೊಮ್ಮೆ ಸಾಕು. ಹಣ ಖರ್ಚು ಮಾಡುವುದಾದರೆ ರ್‍ಯಾಮ್ ಹೆಚ್ಚಿಸಿರಿ; ಆದರೆ 32 ಬಿಟ್‌ನ ವಿಂಡೋಸ್ 7 ನಾಲ್ಕು ಜಿ.ಬಿ.ಗಿಂತ ಹೆಚ್ಚಿನದನ್ನು ಬಳಸಲಾರದು. ತಿರುಗುವ ಹಾರ್ಡ್ ಡಿಸ್ಕಿನ ಬದಲು ಎಸ್ ಎಸ್ ಡಿ ಹಾಕಿಸಿದರೆ ಹಳೆಯ ಯಂತ್ರಕ್ಕೆ ಹೊಸ ಜೀವ ಬಂದಂತೆ ಕಾಣುತ್ತದೆ. ನಮ್ಮದು ಬರದ ಸೀಮೆ, ಧೂಳಿನ ನಾಡು. ವರ್ಷಕ್ಕೆರಡು ಸಲ ವಿದ್ಯುತ್ ತಂತಿಯನ್ನು ಕಳಚಿ, ಪೆಟ್ಟಿಗೆಯ ಬದಿ ತೆಗೆದು ಮೃದುವಾದ ಕುಂಚದಿಂದ ಗಾಳಿಪಂಕದ ಧೂಳನ್ನು ತೆಗೆಯದಿದ್ದರೆ ಯಾವ ತಂತ್ರಾಂಶವೂ ಉಪಯೋಗಕ್ಕೆ ಬಾರದು.

ತಾರೀಖು ಪ್ರತಿದಿನ ಹಿಂದಕ್ಕೆ ಹೋಗುತ್ತಿದ್ದರೆ ಒಳಗಿನ ನಾಣ್ಯದಾಕಾರದ ಸಿಆರ್ 2032 ಎಂಬ ಬ್ಯಾಟರಿ ಮುಗಿದಿದೆಯೆಂದು ತಿಳಿಯಿರಿ. ತಾರೀಖು ತಪ್ಪಿದ್ದರೆ ಅಂತರ್ಜಾಲದ ಸುರಕ್ಷಿತ ತಾಣಗಳೂ ತೆರೆಯುವುದಿಲ್ಲ. ಜನರು ಸಂಪರ್ಕವೇ ಕೆಟ್ಟಿತೆಂದು ತಿಳಿಯುತ್ತಾರೆ. ಯಂತ್ರವು ಅಮೆರಿಕೆಯ ಇಂಗ್ಲಿಷಿಗೆ ಹೊಂದಿಸಲ್ಪಟ್ಟಿದ್ದರೆ ತಿಂಗಳು ಮೊದಲು, ದಿನ ಆಮೇಲೆ ಬರುತ್ತದೆ. 5/8 ಎಂದು ಬರೆದ ಆಗಸ್ಟ್ ಐದನೆಯ ತಾರೀಖನ್ನು ಅದು ಮೇ ಎಂಟು ಎಂದು ತಿಳಿಯುತ್ತದೆ. ಜನ್ಮತಾರೀಖಿನ ವಿಷಯದಲ್ಲಿ ಇದೆಷ್ಟು ಅನರ್ಥಕಾರಿಯೆಂಬುದನ್ನು ಶಾಲೆ ಬಿಟ್ಟ ದಾಖಲೆಗಾಗಿ ಅಲೆದವರಿಗೆ ಹೇಳಬೇಕಾಗಿಲ್ಲ. ರೀಜನ್ ಎಂಬಲ್ಲಿ ಭಾರತವನ್ನು ಆರಿಸಿರಿ.

ಅಂತರ್ಜಾಲದ ವಿಷಯದಲ್ಲಿ ಮಾತ್ರ ಹಳೆಯ ವಿಂಡೋಸನ್ನು ನಂಬಬೇಡಿರಿ. ಮೈಕ್ರೋಸಾಫ್ಟ್ ಸಂಸ್ಥೆಯು ಎಕ್ಸ್‌ಪಿಗೆ 2014ರ ಏಪ್ರಿಲ್ 8ರಂದು, ವಿಂಡೋಸ್ 7ಕ್ಕೆ 2020ರ ಜನವರಿ 14ರಂದು, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಸಾಮಾನ್ಯ ಬೆಂಬಲವನ್ನು ಮುಗಿಸಿತು. ಬೆಂಬಲ ಮುಗಿಯಿತೆಂದರೆ ಯಂತ್ರ ನಿಲ್ಲುತ್ತದೆಂದಲ್ಲ. ಕಳ್ಳರಿಗೆ ಕಂಡ ಬಿರುಕುಗಳನ್ನು ಮುಚ್ಚುವವರಿಲ್ಲ ಎಂದರ್ಥ. ಅಂಥ ಯಂತ್ರದಲ್ಲಿ ಬ್ಯಾಂಕಿನ ವ್ಯವಹಾರ ಕೂಡದು. ನಾನು ನನ್ನ ವಿಂಡೋಸ್ 7 ಯಂತ್ರವನ್ನು ಅಂತರ್ಜಾಲದಿಂದ ಬಿಡಿಸಿ ಬೆರಳಚ್ಚಿಗೆ ಮಾತ್ರ ಇಟ್ಟುಕೊಂಡಿದ್ದೇನೆ. ಅಂತರ್ಜಾಲವೂ ಬೇಕೆನ್ನುವವರಿಗೆ ಲಿನಕ್ಸ್ ಇದೆ. ಅದಕ್ಕೆ ಹಣವಿಲ್ಲ, ಇನ್‌ಸ್ಕ್ರಿಪ್ಟ್ ಮತ್ತು ಕೆ.ಪಿ. ರಾವ್ ಎರಡೂ ವಿನ್ಯಾಸಗಳು ಅದರಲ್ಲಿವೆ. ಗುಬ್ಬಿ, ನವಿಲು ಎಂಬ ಮುದ್ದಾದ ಹೆಸರಿನ ಕನ್ನಡ ಫಾಂಟುಗಳೂ ಸಿಗುತ್ತವೆ. ನಮ್ಮಂತೆಯೇ ಗಡಿನಾಡಾದ ಕಾಸರಗೋಡಿನ ಶಾಲೆಗಳಲ್ಲಿ ಮಕ್ಕಳು ಕಲಿಯುವುದು ಲಿನಕ್ಸ್ ಮೇಲೆಯೇ. ಇದನ್ನು ಪೆನ್ ಡ್ರೈವಿನಿಂದಲೇ ನಡೆಸಿ ನೋಡಬಹುದು. ಹಾರ್ಡ್ ಡಿಸ್ಕನ್ನು ಮುಟ್ಟಬೇಕಾಗಿಲ್ಲ. ವಿಂಡೋಸ್ ಏಳಲೊಲ್ಲದ ಯಂತ್ರವನ್ನೂ ಹೀಗೆ ಎಬ್ಬಿಸಿ, ಹಾರ್ಡ್ ಡಿಸ್ಕ್ ಒಂದು ಸುಸ್ಥಿತಿಯಲ್ಲಿದ್ದರೆ ಒಳಗಿನ ಕಡತಗಳನ್ನು ನಕಲು ಮಾಡಿಕೊಳ್ಳಬಹುದು. ಆದುದರಿಂದ ಯಂತ್ರ ಸತ್ತಿತೆಂದು ಗುಜರಿಯವನಿಗೆ ಕೊಡುವ ಮೊದಲು ಇದೊಂದನ್ನು ಮಾಡಿ ನೋಡಿರಿ.

ನನ್ನ 180 ಪುಟಗಳಲ್ಲಿ 140 ಯುನಿಕೋಡಿಗೆ ಬಂದು ತಿದ್ದುಪಡಿಯೂ ಮುಗಿದಿದೆ. ಒಂದು ಕಡತ ಮಾತ್ರ ಹಿಂದೆ ಬರೆಯುತ್ತಿದ್ದಾಗ ವಿದ್ಯುತ್ ಹೋಗಿ ನಡುವೆ ಮುರಿದಿದೆ. ಅದರಲ್ಲಿ ಎಳ್ಳ ಅಮವಾಸ್ಯೆಯ ಪದವೊಂದಿದೆ. ಹೊಲಕ್ಕೆ ಹೋಗುವ ಹೆಣ್ಣುಮಗಳ ಕೈಯಲ್ಲಿ ಏನೋ ಇದೆ, 'ಚ'ದಿಂದ ಆರಂಭವಾಗುವ ಶಬ್ದ. ಮುಂದಿನ ಅಕ್ಷರಗಳ ಸ್ಥಳದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳಿವೆ. 'ಚರಗ' ಎಂದೋ, 'ಚರಿಗಿ' ಎಂದೋ ನಿರ್ಧರಿಸಲಾಗುತ್ತಿಲ್ಲ. ಎರಡೂ ಹೊಂದುತ್ತವೆ. ಹಾಡಿದ ತಾಯಿ ತೀರಿಕೊಂಡು ಎಂಟು ವರ್ಷವಾಯಿತು. ಆ ಪದವಿದ್ದ ವಹಿ ಗೆದ್ದಲು ತಿಂದ ಎರಡರಲ್ಲಿ ಒಂದು. ಈ ಸಂಚಿಕೆಯನ್ನು ಓದುವ ಮನೆಗಳಲ್ಲಿ ಎಳ್ಳ ಅಮವಾಸ್ಯೆಯ ಪದ ಬಲ್ಲ ಅಜ್ಜಿಯಿದ್ದರೆ ಒಮ್ಮೆ ಹಾಡಿಸಿ ಕೇಳಿ, ಶಾಲೆಯ ಕಚೇರಿಯಲ್ಲಿ ನನ್ನ ಹೆಸರಿಗೆ ಒಂದು ಚೀಟಿ ಬರೆದಿಟ್ಟು ಹೋಗಬೇಕೆಂದು ಕೋರುತ್ತೇನೆ.